ವಾರ್ಡಿನ ಗೆರೆ

ಮೋರಿಗೆ ಅಡ್ಡ ಹಾಕಿದ್ದ ಚಪ್ಪಡಿ ಕಲ್ಲಿನ ಮೇಲೆ ನಿಂತು ಪದ್ಮಶ್ರೀ ಮೊಬೈಲಿನಲ್ಲಿದ್ದ ಅಂಕಿಯನ್ನು ಮೂರನೇ ಸಲ ನೋಡಿದಳು. ಚಿಂತಾಮಣಿಯಲ್ಲಿ ಯಾವ ಜಾತಿಯವರು ಎಷ್ಟು ದೂರದೂರ ವಾಸವಾಗಿದ್ದಾರೆಂದು ವಾರ್ಡುವಾರು ಅಳೆಯುವುದು ಅವಳ ಪಿಎಚ್‌.ಡಿ. ಕೆಲಸ. ಇಪ್ಪತ್ತು ವರ್ಷದ ಹಿಂದೆ ಈ ಭಾಗದ ಅಂಕಿ ಅರವತ್ತೆರಡಿತ್ತು, ಈಗ ಮೂವತ್ತೊಂದು. ಅಂಕಿ ಇಳಿದರೆ ಜನ ಬೆರೆತಿದ್ದಾರೆಂದು ಅರ್ಥ. ಅದನ್ನು ಕಣ್ಣಾರೆ ನೋಡೋಣವೆಂದು ಬಂದರೆ, ಮೋರಿಯ ಆ ಕಡೆ ಈಗಲೂ ಎಲ್ಲ ಗೌಡರ ಮನೆಗಳೇ, ಈ ಕಡೆ ಎಲ್ಲ ದಲಿತ ಕಾಲೋನಿಯ ಮನೆಗಳೇ. ಲೆಕ್ಕ ತಪ್ಪಿತೋ ಕಣ್ಣು ತಪ್ಪಿತೋ ಅವಳಿಗೆ ತಿಳಿಯಲಿಲ್ಲ.

ಕಾಲೋನಿಯ ಮೊದಲ ಮನೆಯ ಜಗಲಿಯಲ್ಲಿ ಲಕ್ಷ್ಮೀನರಸಮ್ಮ ಅವರೆಕಾಯಿ ಸುಲಿಯುತ್ತಿದ್ದರು. ಪದ್ಮಶ್ರೀ ಚಪ್ಪಡಿ ಇಳಿದು ಅವರ ಬಳಿಗೆ ಹೋದಳು.

"ಅಜ್ಜಿ, ಆ ಕಡೆಯವರು ಯಾರಾದ್ರೂ ಈ ಕಡೆ ಬಂದು ಮನೆ ಮಾಡಿದ್ದಾರಾ?"

"ಯಾರೂ ಇಲ್ಲಮ್ಮ. ಇಲ್ಲಿಂದ ಅಲ್ಲಿಗೂ ಯಾರೂ ಹೋಗಿಲ್ಲ."

"ಮತ್ತೆ ಈ ವಾರ್ಡಲ್ಲಿ ಎಲ್ಲಾರೂ ಬೆರೆತಿದ್ದಾರೆ ಅಂತ ಲೆಕ್ಕದಲ್ಲಿ ಬರ್ತಿದೆಯಲ್ಲ?"

"ಮುಂಚೆ ಆ ಕಡೇದೊಂದು ವಾರ್ಡು, ಈ ಕಡೇದೊಂದು ವಾರ್ಡು ಇತ್ತು. ಆಮೇಲೆ ಎರಡನ್ನೂ ಸೇರಿಸಿ ಒಂದು ಮಾಡಿದ್ರು. ಗೆರೆ ಅಳಿಸಿದ್ರು ಕಣಮ್ಮ, ನಾವು ಇದ್ದ ಕಡೇನೇ ಇದ್ದೀವಿ."

ಪದ್ಮಶ್ರೀ ಮೊಬೈಲನ್ನು ಕೆಳಗಿಳಿಸಿದಳು. ಎರಡೂ ಕಡೆಯವರು ಒಂದೇ ವಾರ್ಡಿನ ಲೆಕ್ಕಕ್ಕೆ ಬಂದದ್ದರಿಂದಲೇ ಅಂಕಿ ಇಳಿದಿತ್ತು. ಇಷ್ಟು ಸುಲಭದ ಮಾತು ತನಗೇಕೆ ಗೊತ್ತಿರಲಿಲ್ಲ ಎಂದು ತಲೆ ಕೆಟ್ಟಂತಾಯಿತು. ಲಕ್ಷ್ಮೀನರಸಮ್ಮ ಕೈಯಲ್ಲಿದ್ದ ಕಾಯಿಯನ್ನು ಮೊರಕ್ಕೆ ಹಾಕಿ, ಕಣ್ಣು ಕಿರಿದು ಮಾಡಿ ಅವಳ ಮುಖವನ್ನೇ ನೋಡಿದರು.

"ಇಷ್ಟೆಲ್ಲಾ ಕೇಳ್ತೀಯಲ್ಲ, ನಿಂದು ಯಾವೂರಮ್ಮ?"

ಪದ್ಮಶ್ರೀ ಹಿಂತಿರುಗಿ ನೋಡಿದಳು. ಮೋರಿಯ ಆಚೆ, ಜಗಲಿಯ ಎದುರಿಗೇ ಇದ್ದ ಹಸಿರು ಗೇಟಿನತ್ತ ಕೈ ತೋರಿಸಿದಳು. ಅವಳು ಹುಟ್ಟಿ ಬೆಳೆದದ್ದು ಆ ಮನೆಯಲ್ಲೇ; ಮೋರಿ ದಾಟಿ ಈ ಕಡೆ ಬಂದದ್ದು ಇದೇ ಮೊದಲು.