ಎರಡನೆಯ ವಿಳಾಸ

"ಎರಡನೆಯವರ ವಿಳಾಸ ಕೊಡಿ" ಎಂದು, ಸರ್ವರ್ ಮೇಲೆ ಕಣ್ಣಿಡಲು ಅವಳು ಹಾಕುತ್ತಿದ್ದ ಹೊಸ ತಂತ್ರಾಂಶದ ಪರದೆ ಹಟ ಹಿಡಿದು ಕೂತಿತ್ತು. ಸರ್ವರ್ ಕೈಕೊಟ್ಟರೆ ಮೊದಲ ಇಮೇಲ್ ಅವಳಿಗೆ. ಹತ್ತು ನಿಮಿಷವಾದರೂ ಅವಳು ನೋಡದಿದ್ದರೆ ಇನ್ನೊಬ್ಬರಿಗೆ. ಅವಳ ಆಫೀಸಿನಲ್ಲಿ ಸರ್ವರ್ ನೋಡಿಕೊಳ್ಳಲು ಅವಳನ್ನು ಬಿಟ್ಟು ಇನ್ನೊಬ್ಬರು ಅಂತ ಯಾರಿದ್ದರು? ಕೊನೆಗೆ, ಮೂರು ವರ್ಷದಿಂದ ಫೋನ್ ಮಾಡದ ತಮ್ಮನ ವಿಳಾಸ ತುಂಬಿ, ಪರೀಕ್ಷೆಗೆಂದು ಅವನಿಗೊಂದು ಇಮೇಲ್ ಕಳಿಸಿದಳು.

ಮರುಗಳಿಗೆಯೇ ಫೋನ್ ಬಡಿದುಕೊಂಡಿತು. "ಅಕ್ಕಾ! ಏನಾಯ್ತು ನಿಂಗೆ? 'ಅಕ್ಕ ಉತ್ತರಿಸುತ್ತಿಲ್ಲ' ಅಂತ ಮೇಲ್ ಬಂತಲ್ಲ!"

ಅವಳಿಗೆ ನಗು ಬಂತು. "ಅಕ್ಕ ಅಂದ್ರೆ ನಮ್ಮ ಹಳೇ ಸರ್ವರ್ ಕಣೋ. ಇಲ್ಲಿ ಎಲ್ರೂ ಅದನ್ನ ಹಾಗೇ ಕರೆಯೋದು. ಸುಮ್ನೆ ಟೆಸ್ಟ್ ಮಾಡ್ದೆ."

"ಥೂ, ಮೆಷಿನ್ನಾ! ಜೀವಾನೇ ಬಾಯಿಗೆ ಬಂದಿತ್ತು" ಎಂದವನು ಫೋನ್ ಇಟ್ಟೇಬಿಟ್ಟ.

ಅವಳು ತಮ್ಮನ ವಿಳಾಸ ಅಳಿಸಲಿಲ್ಲ. ಅವನಿಗೆ ಮೇಲ್ ಹೋಗುವ ಮೊದಲು ಕಾಯುವ ಹತ್ತು ನಿಮಿಷವನ್ನು ಎರಡಕ್ಕೆ ಇಳಿಸಿದಳು.