ಮಗಳ ಆಕಾಶಕ್ಕೆ ಕಾವಲು

ಗೋದಾಬಾಯಿ ಅವನ ಕೊರಳಪಟ್ಟಿ ಬಿಡಲಿಲ್ಲ. ಇನ್ನೊಂದು ಕೈಯಲ್ಲಿ ಅವನ ಡ್ರೋನು, ಕಾಲು ಹಿಡಿದ ಕೋಳಿಯಂತೆ ತಲೆಕೆಳಗಾಗಿ ನೇತಾಡುತ್ತಿತ್ತು.

"ಗ್ವಾಡಿ ಆಚೀಗೆ ನನ್ನ ಮಗಳು ವಿಮಾನ ನಡಸಾಕ ಕಲಿಯಾಕತ್ತಾಳ. ಅಕಿಗೆ ಏನರೆ ಆದ್ರ ನಿನ್ನ ಜೀವಂತ ಬಿಡೂದಿಲ್ಲ."

ಹೈದರಾಬಾದಿನ ಅಂಚಿನ ಈ ಓಣಿಯಲ್ಲಿ ಕನ್ನಡದ ಬೈಗುಳ ಕೇಳಿ ಅವನಿಗೆ ಜೀವ ಬಂತು. ರವಿಕಿರಣ, ಮೈಸೂರಿನವನು. ವಿಮಾನ ತರಬೇತಿ ಮೈದಾನದವರೇ ಕರೆಸಿದ್ದಾರೆ, ಅವರ ಒಪ್ಪಿಗೆ ಪಡೆದು ಬೆಳಗಿನ ಮೊದಲ ವಿಮಾನ ಏಳುವ ಮುಂಚೆಯೇ ಹಾರಿಸುತ್ತೇನೆ ಎಂದ. ಯಾರು ನಂಬಬೇಕು? ಮೂರು ದಿನದಿಂದ ಆ ಹಾಳು ಯಂತ್ರ ಗೋದಾಬಾಯಿಯ ಮಹಡಿಯ ಮೇಲೆಯೇ ಗುಂಯ್‌ಗುಟ್ಟುತ್ತಿತ್ತು, ಅದೂ ಅವಳು ಮೇಲಿದ್ದಾಗಲೇ.

"ಅಮ್ಮಾ, ನಾನು ಹಾರಿಸ್ತಿರೋದೇ ನಿಮ್ಮ ಮಗಳಂಥವರಿಗೋಸ್ಕರ."

ಓಹೋ, ಮಗಳ ಹಿಂದೆ ಬಿದ್ದವನು! ಕಪಾಳಕ್ಕೆ ಫಟಾರನೆ ಬಿತ್ತು. ಓಣಿಯವರೂ ತಮ್ಮ ಪಾಲು ಸೇರಿಸಿದರು. ಪೊಲೀಸರು ಡ್ರೋನನ್ನು ಠಾಣೆಯ ಕಪಾಟಿಗೆ ಸೇರಿಸಿದರು. ಒಡೆದ ತುಟಿ ಹೊತ್ತು ರವಿಕಿರಣ ಮೈದಾನದ ಕಡೆಗೂ ತಿರುಗಿ ನೋಡದೆ ಊರ ಬಸ್ಸು ಹತ್ತಿದ.

ಗಂಡ ಹೋದ ಮೇಲೆ ಗೋದಾಬಾಯಿಗೆ ಉಳಿದದ್ದು ಸಿಂಚನಾ ಒಬ್ಬಳೇ. ಮಗಳ ವಿಮಾನ ಕಣ್ಣಿಗೆ ಬೀಳಲೆಂದೇ ಕುಷಾಯಿಗೂಡದ ಮನೆ ಬಿಟ್ಟು ಮೈದಾನದ ಗೋಡೆಗೆ ಅಂಟಿದ ಈ ಮನೆಗೆ ಬಂದಿದ್ದಳು. ಹೆತ್ತ ಕರುಳು ಸುಮ್ಮನಿರುತ್ತದೆಯೇ? ಶನಿವಾರ ಹನುಮಪ್ಪನಿಗೆ ಎಣ್ಣೆ, ಗುರುವಾರ ದರ್ಗಾಕ್ಕೆ ಸಕ್ಕರೆ. ದಿನಾ ಬೆಳಿಗ್ಗೆ, ಈ ಊರಲ್ಲಿ ಕಲಿತ ಸದಖಾ: ಮಗಳ ಫೋಟೋಕ್ಕೆ ಮಾಂಸದ ಚೂರು ನಿವಾಳಿಸಿ, ಗಂಡಾಂತರ ಹೊತ್ತೊಯ್ಯಲಿ ಎಂದು ಮಹಡಿಯಿಂದ ಹದ್ದಿಗೆ ಎಸೆಯುವುದು. ಹುಟ್ಟಾ ಶಾಕಾಹಾರಿ ಹೆಂಗಸು ಮೂಗು ಮುಚ್ಚಿಕೊಂಡು ಎಸೆಯುತ್ತಿದ್ದಳು. ನಕ್ಕಾಳೆಂದು ಮಗಳಿಗೆ ಹೇಳಿರಲಿಲ್ಲ.

ಮುಂದಿನ ವಾರ ಸಿಂಚನಾ ಮೊದಲ ಸಲ ಒಬ್ಬಳೇ ಹಾರಿದಳು. ಅಂದು ಗೋದಾಬಾಯಿ ಎಲ್ಲ ಪೂಜೆಯನ್ನೂ ಇಮ್ಮಡಿ ಮಾಡಿ, ಮಹಡಿಯಲ್ಲೇ ಕೈಮುಗಿದು ನಿಂತಳು. ವಿಮಾನ ಗೋಡೆ ದಾಟಿ ಮೇಲೇರುತ್ತಿದ್ದಂತೆ ಏನೋ ಬಡಿಯಿತು, ಮುಂದಿನ ಗಾಜು ಚೂರಾಯಿತು. ರಕ್ತ ಒರೆಸಿಕೊಳ್ಳುತ್ತಲೇ ಗಟ್ಟಿಗಿತ್ತಿ ಅದನ್ನು ಇಳಿಸಿದಳು. ಎಡಗಣ್ಣು ಉಳಿಯಲಿಲ್ಲ. ಹಾರುವ ಆಸೆ ಬಿಡಿ ಎಂದರು ಡಾಕ್ಟರು.

ಆಸ್ಪತ್ರೆಗೆ ಬಂದ ತರಬೇತುದಾರ ಹನುಮಂತರಾಯರ ಮುಂದೆ ಗೋದಾಬಾಯಿ ಎದೆ ಬಡಿದುಕೊಂಡಳು. "ಆ ಡ್ರೋನಿನಾವನs ಮಾಡ್ಯಾನ್ರಿ. ಅವನ್ನ ಬಿಡಬ್ಯಾಡ್ರಿ."

ರಾಯಚೂರಿನ ರಾಯರು ಜೇಬಿನಿಂದ ಮೊಬೈಲು ತೆಗೆದರು. "ಡ್ರೋನು ಠಾಣ್ಯಾಗs ಇತ್ರಿ ಅಕ್ಕಾರ. ಇವತ್ತು ಬಿಡಿಸಿಕೊಂಡು ಬಂದೆ. ನಮ್ಮ ವಿಮಾನಕ್ಕ ಅಡ್ಡ ಬರೂವು ಎಲ್ಲಿಂದ ಬರ್ತಾವ ಅಂತ ಹುಡುಕಾಕ ನಾವs ಅವನ್ನ ಕರೆಸಿದ್ವಿ. ಹುಡುಕಿದ್ದ ಪಾಪ, ಹೇಳಾಕ ಆಗಲಿಲ್ಲ."

ಅವರು ಮೊಬೈಲು ಮುಂದೆ ಹಿಡಿದರು. ಡ್ರೋನು ತೆಗೆದ ಕೊನೆಯ ಚಿತ್ರ.

ಆಕಾಶ ತುಂಬ ಹದ್ದುಗಳು. ಅವುಗಳ ನಟ್ಟನಡುವೆ, ತನ್ನ ಮಹಡಿಯ ಮೇಲೆ, ಕೈಯಲ್ಲಿ ಮಾಂಸದ ತಟ್ಟೆ ಹಿಡಿದು, ಭಕ್ತಿಯಿಂದ ಮುಖವೆತ್ತಿ ನಿಂತಿದ್ದ ಗೋದಾಬಾಯಿ.