ಮದ್ದಲ್ಲದ ಮದ್ದು

“ಏನಾದ್ರೂ ಔಷಧಿ ಕೊಟ್ಟಿದ್ರಾಮ್ಮ? ನಾಟಿ ಮದ್ದು, ಕಷಾಯ, ನೋವಿನ ಮಾತ್ರೆ?” ಡಾಕ್ಟರ್ ಶ್ಯಾಮಸುಂದರ ಮೂರನೇ ಸಲ ಕೇಳಿದರು.

“ದೇವರಾಣೆ ಎಂತದೂ ಇಲ್ಲ ಡಾಕ್ಟ್ರೆ. ಇವರು ತಲೆನೋವಿಗೂ ಮಾತ್ರೆ ನುಂಗುವ ಜನ ಅಲ್ಲ.”

ಪ್ಯಾಟ್ರಿಷಿಯಾ ಸುಳ್ಳು ಹೇಳುವ ಹೆಂಗಸಲ್ಲ. ಅವಳ ಗಂಡ ಕ್ಯಾಸ್ಮಿರ್ ಗಲ್ಫಿನ ಸಲಾಲಾದ ಬಂದರು ಕಚೇರಿಯಲ್ಲಿ ಹದಿನೆಂಟು ವರ್ಷದಿಂದ ಒಂದು ದಿನವೂ ಸಿಕ್ ಲೀವ್ ಹಾಕದ ಗಟ್ಟಿ ಆಸಾಮಿ. ನಿನ್ನೆ ವಾಂತಿ, ಬಿಡದ ಬಿಕ್ಕಳಿಕೆ. ಇವತ್ತು ಮುಖ ಊದಿಕೊಂಡು ಆಸ್ಪತ್ರೆಯ ಮಂಚದ ಮೇಲಿದ್ದ. ಒಂದೂವರೆ ದಿನದಿಂದ ಒಂದು ಹನಿ ಮೂತ್ರವಿಲ್ಲ. ಕಲ್ಲಿಲ್ಲ, ಸೋಂಕಿಲ್ಲ, ಹಾವು ಕಚ್ಚಿಲ್ಲ. ಎರಡೂ ಕಿಡ್ನಿಗಳು ಹೇಳದೆ ಕೇಳದೆ ಮುಷ್ಕರ ಹೂಡಿದ್ದವು.

“ಈಗಲೇ ಡಯಾಲಿಸಿಸ್ ಶುರು ಮಾಡ್ತೀವಿ. ಆದ್ರೆ ಕಾರಣ ಸಿಗದೆ ಕಿಡ್ನಿ ಸರಿಹೋಗುತ್ತೆ ಅಂತ ಮಾತು ಕೊಡೋಕಾಗಲ್ಲ,” ಎಂದು ಡಾಕ್ಟರು ಬಾಗಿಲ ಬಳಿ ನಿಂತು ಕೇಸ್ ಶೀಟ್ ತುಂಬತೊಡಗಿದರು. ಪ್ಯಾಟ್ರಿಷಿಯಾ ಗಂಡನ ಕೈ ಹಿಡಿದುಕೊಂಡಳು.

ಯಂತ್ರಕ್ಕೆ ಕೊಳವೆ ಜೋಡಿಸುತ್ತಿದ್ದ ನರ್ಸ್ ಎಲಿಜಬೆತ್ ಕರಾವಳಿಯ ಶಿರ್ವದವಳು. ಹೆದರಿದವರನ್ನು ಮಾತಿಗೆಳೆಯುವುದು ಅವಳ ಅಭ್ಯಾಸ. “ಇಲ್ಲಿ ಬಂಗುಡೆ ಮೀನು ಒಳ್ಳೇದು ಸಿಗ್ತದಲ್ಲ ಅಕ್ಕಾ? ಹುಳಿಗೆ ಎಂತ ಹಾಕ್ತೀರಿ?”

“ಬಿಂಬುಳಿ ಕಾಯಿ. ಪರಿಚಯದವರ ತೋಟದಲ್ಲಿ ಮರ ಉಂಟು. ಈ ಸಲ ಸಾರಿಗೆ ಉಳೀಲಿಲ್ಲ. ಇವರಿಗೆ ಕೊಲೆಸ್ಟ್ರಾಲ್ ಜಾಸ್ತಿ ಅಂತ ರಿಪೋರ್ಟ್ ಬಂತು. ಅದಕ್ಕೆ ಇದು ಒಳ್ಳೇದು ಅಂತ ಊರಿಂದ ತಂಗಿ ಹೇಳಿದ್ಲು, ಎಲ್ಲ ಹಿಂಡಿ ಜ್ಯೂಸ್ ಮಾಡಿದೆ. ಖಾಲಿ ಹೊಟ್ಟೆಗೆ ದಿನಾ ಒಂದು ದೊಡ್ಡ ಗ್ಲಾಸ್, ನಾಲ್ಕು ದಿನ.”

ಎಲಿಜಬೆತ್ ತಟ್ಟನೆ ತಿರುಗಿದಳು. “ಡಾಕ್ಟ್ರೆ, ಹೋಗ್ಬೇಡಿ!”

ಮೈಸೂರಿನ ಡಾಕ್ಟರು ಬಿಂಬುಳಿಯನ್ನು ಕಂಡವರೇ ಅಲ್ಲ. ಮೊಬೈಲಿನಲ್ಲಿ ಅವಳು ತೋರಿಸಿದ ಚಿತ್ರ ನೋಡಿ, “ತೊಂಡೆಕಾಯಿ ಥರ ಇದೆಯಲ್ಲ” ಎಂದರು. ತಾನು ಮೊದಲು ಕೆಲಸಕ್ಕಿದ್ದ ಊರಿನ ಆಸ್ಪತ್ರೆಯಲ್ಲಿ ಇದರ ಹಸಿ ರಸ ಕುಡಿದು ಹೀಗೇ ಬಂದಿದ್ದ ಇಬ್ಬರ ಬಗ್ಗೆ ಅವಳು ಹೇಳಿದ್ದೇ ತಡ, ಅವರಿಗೆ ಎಲ್ಲ ಹೊಳೆಯಿತು. ರಸದಲ್ಲಿನ ಆಕ್ಸಲೇಟ್ ಹರಳುಗಟ್ಟಿ ಕಿಡ್ನಿಯ ಸಣ್ಣ ನಳಿಕೆಗಳನ್ನು ಮುಚ್ಚಿಬಿಟ್ಟಿತ್ತು.

“ಅಷ್ಟು ಸಲ ಕೇಳಿದ್ನಲ್ಲಮ್ಮ!”

“ನೀವು ಕೇಳಿದ್ದು ಮದ್ದಲ್ವಾ ಡಾಕ್ಟ್ರೆ? ಅದು ಮೀನಿಗೆ ಹಾಕುವ ಹುಳಿ…” ಪ್ಯಾಟ್ರಿಷಿಯಾ ಬಿಕ್ಕಿ ಬಿಕ್ಕಿ ಅತ್ತಳು. “ನಾನೇ ಕೈಯಾರೆ ಕುಡಿಸಿದೆ.”

“ಕಾರಣ ಗೊತ್ತಾಯ್ತಲ್ಲ. ಇಂಥವರು ಬಹಳಷ್ಟು ಜನ ಚೇತರಿಸ್ಕೊಳ್ತಾರೆ. ಸ್ವಲ್ಪ ದಿನ ತಾಳಿ.”

ಬಯಾಪ್ಸಿಯಲ್ಲಿ ಹರಳುಗಳು ಕಂಡವು. ದಿನ ಬಿಟ್ಟು ದಿನ ಡಯಾಲಿಸಿಸ್ ನಡೆಯಿತು. ಪ್ಯಾಟ್ರಿಷಿಯಾ ತನ್ನನ್ನು ತಾನೇ ಶಪಿಸಿಕೊಳ್ಳುತ್ತ ಮಂಚದ ಪಕ್ಕದಲ್ಲೇ ಕೂತಿದ್ದಳು. ಒಂಬತ್ತನೇ ದಿನ ಬೆಳಿಗ್ಗೆ ಎಲಿಜಬೆತ್ ಅವಳ ಭುಜ ಮುಟ್ಟಿ ಮಂಚದ ಕೆಳಗೆ ಬೆರಳು ತೋರಿಸಿದಳು. ಅಲ್ಲಿ ನೇತಾಡುತ್ತಿದ್ದ ಚೀಲದಲ್ಲಿ ಎರಡು ಬೆರಳಷ್ಟು ಹಳದಿ ನೀರಿತ್ತು.

“ಎಂತ ನೋಡುದು ಮಾರಾಯ್ತಿ, ಮಾನ ಹೋಗ್ತದೆ,” ಕ್ಯಾಸ್ಮಿರ್ ಹೊದಿಕೆ ಎಳೆದುಕೊಂಡ.

ಅವಳಿಗೆ ಕೇಳಿಸಲೇ ಇಲ್ಲ. ನೆಲಕ್ಕೆ ಮೊಣಕಾಲೂರಿ, ಆ ಮೂತ್ರದ ಚೀಲದ ಮುಂದೆ ಶಿಲುಬೆಯ ಗುರುತು ಹಾಕಿಕೊಂಡಳು.